ಡಿಸ್ನಿ ವರ್ಲ್ಡ್‌ನಲ್ಲಿ ಮದುವೆ: ನೆಂಟರ ರೂಮಿನ ಲೆಕ್ಕ

ನಮ್ಮ ಕಡೆಯ ಛತ್ರಗಳಲ್ಲಿ ನೆಂಟರು ಎಲ್ಲಿ ಮಲಗುತ್ತಾರೆ ಎಂಬುದು ಪ್ರಶ್ನೆಯೇ ಅಲ್ಲ. ಮಂಟಪ, ಊಟದ ಮನೆ, ಗಂಡಿನ ಕಡೆಗೊಂದಿಷ್ಟು ಹೆಣ್ಣಿನ ಕಡೆಗೊಂದಿಷ್ಟು ಕೋಣೆ, ಎಲ್ಲ ಒಂದೇ ಬಾಡಿಗೆಯಲ್ಲಿ ಬಂದುಬಿಡುತ್ತವೆ. ನಾಲ್ಕು ಜನರ ಕೋಣೆಯಲ್ಲಿ ಒಂಬತ್ತು ಜನ ಮಲಗಿದರೂ ಯಾರೂ ಎಣಿಸುವುದಿಲ್ಲ; ಜಮಖಾನೆ ಸಾಲದೆ ಹೋದರೆ ಇನ್ನೊಂದು ತರಿಸಿದರಾಯಿತು. ಇದೇ ರೂಢಿಯಲ್ಲಿ ಬೆಳೆದವರು ಅಮೆರಿಕದಲ್ಲಿರುವ ಮಗನದೋ ಮಗಳದೋ ಮದುವೆಯನ್ನು ಫ್ಲೋರಿಡಾದ ಒರ್ಲಾಂಡೊ ಊರಿನ ಬಳಿ, ಮನರಂಜನಾ ಉದ್ಯಾನಗಳೂ ಹೋಟೆಲುಗಳೂ ಸೇರಿದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ಇಟ್ಟುಕೊಂಡಾಗ ಮೊದಲು ಎಡವುವುದು ಇಲ್ಲೇ. ಅಲ್ಲಿ ಮಂಟಪದ ಕರಾರು ಬೇರೆ, ರೂಮಿನ ಕರಾರು ಬೇರೆ. ರೂಮಿನ ಕರಾರಿಗೆ ಸಹಿ ಹಾಕುವುದು ನೆಂಟರಲ್ಲ, ಮದುವೆ ಮಾಡುವವರು.

ಡಿಸ್ನಿ ಸಂಸ್ಥೆ ಇಲ್ಲಿ 1991ರಿಂದ ಮದುವೆಗಳನ್ನು ನಡೆಸಿಕೊಡುತ್ತಿದೆ. 1995ರಲ್ಲಿ ಗ್ರ್ಯಾಂಡ್ ಫ್ಲೋರಿಡಿಯನ್ ಹೋಟೆಲಿನ ಪಕ್ಕ, ಸೆವೆನ್ ಸೀಸ್ ಲಗೂನ್ ಎಂಬ ಸರೋವರದ ದಂಡೆಯಲ್ಲಿ, ಮದುವೆಗೆಂದೇ ಒಂದು ಪೆವಿಲಿಯನ್ ತೆರೆಯಿತು. ಹೋಟೆಲುಗಳ ಬಾಲ್‌ರೂಮು, ಹುಲ್ಲುಹಾಸು, ಎಪ್ಕಾಟ್ ಉದ್ಯಾನದ ಒಳಗಿನ ಜಾಗಗಳು, ಹೀಗೆ ಆಯ್ಕೆ ಬಹಳ. ಒಂದೊಂದು ಜಾಗಕ್ಕೂ ದಿನ, ಹೊತ್ತು ನೋಡಿಕೊಂಡು ಇಷ್ಟಾದರೂ ಖರ್ಚು ಮಾಡಲೇಬೇಕು ಎಂಬ ಕನಿಷ್ಠ ಮೊತ್ತವಿರುತ್ತದೆ. ನೆಂಟರು ರೂಮಿಗೆ ಕೊಡುವ ದುಡ್ಡು ಈ ಮೊತ್ತಕ್ಕೆ ಸೇರುತ್ತದೆ ಎಂದು ಅಂದುಕೊಂಡು ಬಜೆಟ್ ಹಾಕಬೇಡಿ. ಸೇರುವುದಾದರೆ ಅದನ್ನು ಕರಾರಿನಲ್ಲೇ ಬರೆಸಿಕೊಳ್ಳಬೇಕು.

ಹಾಗಾದರೆ ಕರೆದವರೆಲ್ಲ ಡಿಸ್ನಿಯ ಹೋಟೆಲಿನಲ್ಲೇ ಉಳಿಯಬೇಕೆ? ಬೇಕಿಲ್ಲ. ಕಿಸ್ಸಿಮ್ಮಿಯಲ್ಲಿ ಬಾಡಿಗೆ ಮನೆ ಹಿಡಿದವರು, ಒರ್ಲಾಂಡೊದಲ್ಲಿ ಗೆಳೆಯರ ಮನೆಯಲ್ಲಿ ಇಳಿದವರು ಮದುವೆಗೆ ಬಂದು ಊಟ ಮಾಡಿ ಹೋಗಬಹುದು. ವಧೂವರರ ವಾಸ್ತವ್ಯದ ಷರತ್ತು ಮಾತ್ರ ಪ್ಯಾಕೇಜಿನಿಂದ ಪ್ಯಾಕೇಜಿಗೆ ಬೇರೆಯಾಗುತ್ತದೆ, ಅದನ್ನು ಮುಂಗಡ ಕೊಡುವ ಮೊದಲೇ ಕೇಳಿ ತಿಳಿಯಬೇಕು. ನಿಜವಾಗಿ ಕಟ್ಟಿಹಾಕುವುದು ಇವೆರಡೂ ಅಲ್ಲ, ರೂಮ್ ಬ್ಲಾಕ್, ಅಂದರೆ ನಿಮ್ಮ ನೆಂಟರಿಗೆಂದು ಒಟ್ಟಾಗಿ ಎತ್ತಿಡಿಸಿದ ರೂಮುಗಳು.

ಅಮೆರಿಕದ ಹೋಟೆಲುಗಳಲ್ಲಿ ಒಂದೇ ರಾತ್ರಿಗೆ ಹತ್ತು ಅಥವಾ ಅದಕ್ಕಿಂತ ಹೆಚ್ಚು ರೂಮು ಬೇಕೆಂದರೆ ಸಾಮಾನ್ಯವಾಗಿ ಅದು ಗುಂಪಿನ ಬುಕಿಂಗ್ ಆಗುತ್ತದೆ. ಗುಂಪಿಗೆ ಒಂದು ದರ, ಒಂದು ಕೋಡ್ ಅಥವಾ ಲಿಂಕ್, ಒಂದು ಕಡೆಯ ದಿನಾಂಕ. ಇದರಲ್ಲಿ ಎರಡು ಬಗೆ. ಮೊದಲನೆಯದು ಸೌಜನ್ಯದ ಬ್ಲಾಕ್: ಹೋಟೆಲಿನವರು ಕೆಲವು ರೂಮುಗಳನ್ನು ನಿಮ್ಮ ಹೆಸರಿನಲ್ಲಿ ಎತ್ತಿಡುತ್ತಾರೆ, ಕಡೆಯ ದಿನದೊಳಗೆ ನೆಂಟರು ಹಿಡಿಯದಿದ್ದರೆ ವಾಪಸ್ ತೆಗೆದುಕೊಳ್ಳುತ್ತಾರೆ, ನಿಮ್ಮ ಮೇಲೆ ದಂಡವಿಲ್ಲ. ಎರಡನೆಯದು ಖಾತರಿ ಕೊಟ್ಟ ಬ್ಲಾಕ್: ಇಷ್ಟು ರೂಮು, ಇಷ್ಟು ರಾತ್ರಿ ತುಂಬಿಸುತ್ತೇವೆ ಎಂದು ನೀವು ಬರೆದುಕೊಡುತ್ತೀರಿ, ತುಂಬದಿದ್ದರೆ ಕೊರತೆಯ ದುಡ್ಡು ನಿಮ್ಮದು. ಈ ಕೊರತೆಯ ಷರತ್ತಿಗೇ ಅಟ್ರಿಷನ್ ಎನ್ನುವುದು.

ಲೆಕ್ಕ ಹಾಕಿ ನೋಡಿದರೆ ಇದರ ಬಿಸಿ ತಿಳಿಯುತ್ತದೆ. ಗುರುವಾರ, ಶುಕ್ರವಾರ, ಶನಿವಾರ, ಮೂರು ರಾತ್ರಿಗೂ 30 ರೂಮು ಎಂದು ಬರೆದುಕೊಟ್ಟಿರಿ ಎನ್ನಿ. ಒಟ್ಟು 90 ರೂಮ್-ನೈಟ್. ಷರತ್ತು ಶೇ 80 ಎಂದಿದ್ದರೆ 72 ತುಂಬಲೇಬೇಕು. ದರ ರಾತ್ರಿಗೆ 280 ಡಾಲರ್. ನೆಂಟರು ಹಿಡಿದದ್ದು ಗುರುವಾರ 12, ಶುಕ್ರವಾರ 28, ಶನಿವಾರ 20, ಒಟ್ಟು 60. ಕೊರತೆ 12, ಅಂದರೆ 3,360 ಡಾಲರ್. ಇದು ಮೂರೂ ರಾತ್ರಿಯನ್ನು ಒಟ್ಟು ಮಾಡಿ ಎಣಿಸಿದಾಗ. ಕರಾರಿನಲ್ಲಿ ‘ಪ್ರತಿ ರಾತ್ರಿ’ ಎಂಬ ಮಾತಿದ್ದರೆ ಕಥೆ ಬೇರೆ: ಪ್ರತಿ ರಾತ್ರಿ 24 ಬೇಕು, ಗುರುವಾರ 12 ಕಡಿಮೆ, ಶನಿವಾರ 4 ಕಡಿಮೆ, ಶುಕ್ರವಾರದ ನಾಲ್ಕು ಹೆಚ್ಚುವರಿ ಲೆಕ್ಕಕ್ಕೇ ಇಲ್ಲ. ಕೊರತೆ 16, ದಂಡ 4,480. ಅದೇ ನೆಂಟರು, ಅದೇ ರೂಮು, ಒಂದು ಪದಕ್ಕೆ 1,120 ಡಾಲರ್ ವ್ಯತ್ಯಾಸ. ದಂಡದ ಮೇಲೆ ತೆರಿಗೆ ಹಾಕುತ್ತಾರೋ ಇಲ್ಲವೋ ಎಂಬುದನ್ನೂ ಅಲ್ಲೇ ಓದಬೇಕು.

ಮೂರೂ ರಾತ್ರಿಗೆ ಒಂದೇ ಸಂಖ್ಯೆ ಬರೆಯುವುದೇ ತಪ್ಪಿನ ಮೂಲ. ಕೆಲಸಕ್ಕೆ ರಜೆ ಹಾಕಿ ಗುರುವಾರವೇ ಬಂದಿಳಿಯುವವರು ಹತ್ತಿರದವರು ಮಾತ್ರ. ಮೇಲಿನ ಲೆಕ್ಕದ ಮದುವೆ ಮನೆಯವರೇ ಗುರುವಾರ 10, ಶುಕ್ರವಾರ 25, ಶನಿವಾರ 18 ಎಂದು ಮೆಟ್ಟಿಲು ಮೆಟ್ಟಿಲಾಗಿ ಬರೆದಿದ್ದರೆ ದಂಡದ ಮಾತೇ ಇರುತ್ತಿರಲಿಲ್ಲ. ಕಡಿಮೆ ಹಿಡಿದು ಆಮೇಲೆ ಹೆಚ್ಚಿಸಿ ಎಂದು ಕೇಳುವುದು ಸುಲಭ. ಹೆಚ್ಚು ಹಿಡಿದು ಇಳಿಸಿ ಎನ್ನುವುದು ಕಷ್ಟ. ನೀವು ಬಿಟ್ಟ ರೂಮನ್ನು ಹೋಟೆಲಿನವರು ಬೇರೆಯವರಿಗೆ ಮಾರಿದರೆ ಆ ದುಡ್ಡು ನಿಮ್ಮ ದಂಡದಲ್ಲಿ ಕಳೆಯಬೇಕು ಎಂಬ ಸಾಲನ್ನೂ ಕೇಳಿ ಹಾಕಿಸಿ. ಕೇಳದವರಿಗೆ ಅದು ಸಿಗುವುದಿಲ್ಲ.

ಕಡೆಯ ದಿನಾಂಕ ಸಾಮಾನ್ಯವಾಗಿ ಮದುವೆಗೆ ಸುಮಾರು ಮೂವತ್ತು ದಿನ ಮೊದಲು. ಕನ್ನಡದ ಕುಟುಂಬಗಳಿಗೆ ಇದು ಇನ್ನಷ್ಟು ತೊಡಕು, ಏಕೆಂದರೆ ಊರಿಂದ ಬರಬೇಕಾದ ದೊಡ್ಡಪ್ಪ, ಸೋದರತ್ತೆಯರ ವೀಸಾ ಆಗುತ್ತದೋ ಇಲ್ಲವೋ ಆ ಹೊತ್ತಿಗೆ ಖಚಿತವಾಗಿರುವುದಿಲ್ಲ. ಬಂದೇ ಬರುತ್ತಾರೆ ಎಂಬ ಆಸೆಯಲ್ಲಿ ಹಿಡಿದಿಟ್ಟ ರೂಮುಗಳೇ ಕೊನೆಗೆ ಕೊರತೆಯ ಪಟ್ಟಿಗೆ ಸೇರುವುದು. ವೀಸಾ ಕೈಗೆ ಬರುವವರೆಗೆ ಅವರ ರೂಮನ್ನು ಖಾತರಿಯ ಸಂಖ್ಯೆಯಲ್ಲಿ ಸೇರಿಸಬೇಡಿ. ಗುಂಪಿನ ಹೊರಗೆ, ರದ್ದು ಮಾಡಲು ಅವಕಾಶವಿರುವ ಸಾಮಾನ್ಯ ಬುಕಿಂಗ್ ಮಾಡಿಡುವುದು ಲೇಸು. ವೀಸಾ ಆದ ಮೇಲೆ ರೂಮು ಅವರ ಪಾಸ್‌ಪೋರ್ಟಿನಲ್ಲಿರುವ ಹೆಸರಿನಲ್ಲೇ ಇರಲಿ. ಅಮೆರಿಕದ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ‘ಎಲ್ಲಿ ಉಳಿಯುತ್ತೀರಿ’ ಎಂದು ಕೇಳಿದಾಗ ತೋರಿಸಲು ಬುಕಿಂಗ್ ಪತ್ರದ ಒಂದು ಪ್ರತಿ ಕಾಗದದಲ್ಲೇ ಕೈಚೀಲದಲ್ಲಿರಲಿ. ಇಳಿದ ತಕ್ಷಣ ಫೋನ್ ನೆಟ್‌ವರ್ಕ್ ಸಿಗುತ್ತದೆಂಬ ಭರವಸೆ ಇಲ್ಲ.

ಇನ್ನು ರೂಮಿಗೆ ಎಷ್ಟು ಜನ. ಛತ್ರದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಆಲ್-ಸ್ಟಾರ್, ಪಾಪ್ ಸೆಂಚುರಿಯಂಥ ಕಡಿಮೆ ದರದ ಹೋಟೆಲುಗಳ ಸಾಮಾನ್ಯ ರೂಮಿನ ಮಿತಿ ನಾಲ್ಕು ಜನ. ತೊಟ್ಟಿಲಲ್ಲಿ ಮಲಗುವ, ಮೂರು ವರ್ಷ ತುಂಬದ ಮಗು ಲೆಕ್ಕಕ್ಕಿಲ್ಲ. ಕಾಂಟೆಂಪೊರರಿ, ಪಾಲಿನೇಷಿಯನ್, ಗ್ರ್ಯಾಂಡ್ ಫ್ಲೋರಿಡಿಯನ್‌ಗಳಲ್ಲಿ ಐದು ಜನ ಹಿಡಿಯುವ ರೂಮುಗಳಿವೆ. ಆರ್ಟ್ ಆಫ್ ಆನಿಮೇಷನ್ ಹೋಟೆಲಿನ ಫ್ಯಾಮಿಲಿ ಸ್ವೀಟ್‌ನಲ್ಲಿ ಆರು ಜನ, ಎರಡು ಬಚ್ಚಲು, ಮೈಕ್ರೋವೇವ್. ಅಜ್ಜ, ಅಜ್ಜಿ, ಮಗ, ಸೊಸೆ, ಇಬ್ಬರು ಮಕ್ಕಳು ಒಟ್ಟಿಗೆ ಇರಬೇಕೆಂದರೆ ಎರಡು ಬಿಡಿ ರೂಮಿಗಿಂತ ಇದು ಅನುಕೂಲ: ಅನ್ನ ಬಿಸಿ ಮಾಡಿಕೊಳ್ಳಬಹುದು, ಬೆಳಗ್ಗೆ ಸ್ನಾನಕ್ಕೆ ಸಾಲು ನಿಲ್ಲಬೇಕಿಲ್ಲ. ಜನರ ಸಂಖ್ಯೆಯ ಮಿತಿ ಬೆಂಕಿ ಅವಘಡದ ನಿಯಮಕ್ಕೂ ಸೇರಿದ್ದು, ಕೌಂಟರಿನಲ್ಲಿ ಬೇಡಿಕೊಂಡರೆ ಸಡಿಲವಾಗುವುದಲ್ಲ. ಮತ್ತೊಂದು: ದರ ಇಬ್ಬರು ದೊಡ್ಡವರಿಗೆ ಎಂದು ಇರುತ್ತದೆ. ಹದಿನೆಂಟು ತುಂಬಿದ ಮೂರನೆಯವರು, ನಾಲ್ಕನೆಯವರು ಸೇರಿದರೆ ರಾತ್ರಿಗಿಷ್ಟು ಎಂದು ಹೆಚ್ಚುವರಿ ಬೀಳುತ್ತದೆ. ನಮ್ಮ ಮನೆಗಳಲ್ಲಿ ಮೂವರು ದೊಡ್ಡವರು ಒಂದು ರೂಮಿನಲ್ಲಿರುವುದು ಮಾಮೂಲಿ, ಆದ್ದರಿಂದ ಆಹ್ವಾನದಲ್ಲಿ ‘ರೂಮಿಗೆ ಇಷ್ಟು’ ಎಂದು ಒಂದೇ ದರ ಬರೆದರೆ ಆಮೇಲೆ ಮುಜುಗರ.

ತೆರಿಗೆಯನ್ನೂ ಸೇರಿಸಿಯೇ ಹೇಳಿ. ಡಿಸ್ನಿ ವರ್ಲ್ಡ್‌ನ ಬಹುಪಾಲು ಇರುವ ಆರೆಂಜ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಿದ್ದಂತೆ) ಮಾರಾಟ ತೆರಿಗೆ ಶೇ 6.5, ಪ್ರವಾಸಿ ತೆರಿಗೆ ಶೇ 6, ಒಟ್ಟು ಶೇ 12.5. ಅಂದರೆ 280 ಡಾಲರಿನ ರೂಮು ನೆಂಟರ ಕಾರ್ಡಿಗೆ 315 ಆಗಿ ಬೀಳುತ್ತದೆ, ಮೂರು ರಾತ್ರಿಗೆ 945. ಡಿಸ್ನಿಯ ಸ್ವಂತ ಹೋಟೆಲುಗಳಲ್ಲಿ ರೆಸಾರ್ಟ್ ಫೀ ಎಂಬ ಪ್ರತ್ಯೇಕ ಶುಲ್ಕವಿಲ್ಲ. ಅದೇ ಆವರಣದಲ್ಲಿರುವ ಸ್ವಾನ್, ಡಾಲ್ಫಿನ್‌ನಂಥ ಬೇರೆ ಆಡಳಿತದ ಹೋಟೆಲುಗಳಲ್ಲಿ ಇದೆ. ಇಂಥ ಕಡ್ಡಾಯ ಶುಲ್ಕವನ್ನು ಸೇರಿಸಿಯೇ ದರ ತೋರಿಸಬೇಕೆಂದು ಅಮೆರಿಕದಲ್ಲಿ 2025ರ ಮೇ 12ರಿಂದ ನಿಯಮ ಬಂದಿದೆ. ತೆರಿಗೆ ಮಾತ್ರ ಈಗಲೂ ಆಮೇಲೆ ಕೂಡಿಸಬಹುದು. ಹೋಲಿಸುವಾಗ ಕೊನೆಯ ಮೊತ್ತಕ್ಕೆ ಕೊನೆಯ ಮೊತ್ತವನ್ನೇ ಹಿಡಿದು ನೋಡಬೇಕು.

ಈಗ ಮುಹೂರ್ತಕ್ಕೆ ಬರೋಣ. ರೂಮಿನ ನಿಯಮಗಳಿಗೂ ಪಂಚಾಂಗಕ್ಕೂ ಏನು ಸಂಬಂಧ ಎನ್ನಿಸಬಹುದು. ಬಹಳ ಇದೆ.

ಡಿಸ್ನಿ ಹೋಟೆಲುಗಳಲ್ಲಿ ರೂಮು ಕೈಗೆ ಸಿಗುವುದು ಮಧ್ಯಾಹ್ನ 3ಕ್ಕೆ, ವಿಲ್ಲಾಗಳಾದರೆ 4ಕ್ಕೆ. ಬಿಡಬೇಕಾದದ್ದು ಬೆಳಗ್ಗೆ 11ಕ್ಕೆ. ಸಂಜೆ 5ಕ್ಕೆ ವರಪೂಜೆ ಇಟ್ಟುಕೊಂಡು ನೆಂಟರಿಗೆ ‘ಅದೇ ದಿನ ಬಂದರೆ ಸಾಕು’ ಎಂದರೆ, 3ಕ್ಕೆ ರೂಮು ಸಿಕ್ಕಿ, ಸ್ನಾನವಾಗಿ, ಸೀರೆಯುಟ್ಟು, ಇನ್ನೊಂದು ಹೋಟೆಲಿಗೆ ಬಂದು ಮುಟ್ಟಲು ಎರಡು ಗಂಟೆ. ಆಗುವುದಿಲ್ಲ. ಬೇಗ ಬಂದವರ ಸಾಮಾನನ್ನು ಬೆಲ್ ಸರ್ವೀಸಿನಲ್ಲಿ ಇಟ್ಟುಕೊಳ್ಳುತ್ತಾರೆ, ರೂಮನ್ನು ಮಾತ್ರ ಬೇಗ ಕೊಡುತ್ತೇವೆಂಬ ಮಾತು ಕೊಡುವುದಿಲ್ಲ. ವರಪೂಜೆಯಲ್ಲಿ ಕೈಹಾಕಬೇಕಾದವರಿಗೆ ಹಿಂದಿನ ರಾತ್ರಿಯೇ ರೂಮು ಹಿಡಿಯಬೇಕು.

ಧಾರೆಯ ದಿನದ ಮಾತು ಇದಕ್ಕಿಂತ ಸೂಕ್ಷ್ಮ. ಎಲ್ಲರಿಗೂ ಅನುಕೂಲವಾಗಲಿ ಎಂದು ಅಭಿಜಿನ್ ಮುಹೂರ್ತ ಇಡಿಸುತ್ತಾರೆ, ‘ಹನ್ನೆರಡೂಕಾಲರ ಸುಮಾರಿಗೆ’ ಎಂದು ಊರಿನ ಲೆಕ್ಕದಲ್ಲಿ ಹೇಳಿಬಿಡುತ್ತಾರೆ. ಅಭಿಜಿನ್ ನಿಲ್ಲುವುದು ಆ ಊರಿನ ಸೂರ್ಯ ನೆತ್ತಿಗೆ ಬರುವ ಹೊತ್ತಿನ ಮೇಲೆ. ಒರ್ಲಾಂಡೊದಲ್ಲಿ ಮಾರ್ಚಿನ ಎರಡನೇ ಭಾನುವಾರದಿಂದ ನವೆಂಬರಿನ ಮೊದಲ ಭಾನುವಾರದವರೆಗೆ ಗಡಿಯಾರ ಒಂದು ಗಂಟೆ ಮುಂದಿರುತ್ತದೆ. ಸಾಲದ್ದಕ್ಕೆ ಆ ಊರು ತನ್ನ ಕಾಲವಲಯದ ರೇಖೆಗಿಂತ ಪಶ್ಚಿಮಕ್ಕಿದೆ. ಹಾಗಾಗಿ ಜೂನ್-ಜುಲೈನಲ್ಲಿ ಅಲ್ಲಿ ನಡುಹಗಲು ಆಗುವುದು ಸುಮಾರು ಒಂದೂವರೆಗೆ. ಮುಹೂರ್ತ ಒಂದೂವರೆ, ರೂಮು ಬಿಡಬೇಕಾದದ್ದು ಹನ್ನೊಂದು. ಮದುವೆ ನಡೆಯುತ್ತಿರುವಾಗಲೇ ಅರ್ಧ ಜನ ಪೆಟ್ಟಿಗೆ ಎಳೆದುಕೊಂಡು ಓಡಾಡಬೇಕಾಗುತ್ತದೆ, ಊಟವಾದ ಮೇಲೆ ಸೀರೆ ಬದಲಿಸಲು ಜಾಗವಿಲ್ಲ. ಇದಕ್ಕೆ ಪರಿಹಾರ ಒಂದೇ: ಧಾರೆಯ ದಿನದ ರಾತ್ರಿಯನ್ನೂ ಬ್ಲಾಕಿನಲ್ಲಿ ಸೇರಿಸುವುದು. ಪುರೋಹಿತರಿಗೆ ದಿನ ಕೇಳುವಾಗ ಒರ್ಲಾಂಡೊದ ಪಂಚಾಂಗವನ್ನೇ ನೋಡಿ ಎನ್ನಬೇಕು, ರೂಮಿನ ರಾತ್ರಿಗಳ ಲೆಕ್ಕ ಅದಾದ ಮೇಲೆ. ಜುಲೈ ಒಂದೂವರೆಯ ಬಿಸಿಲಿನಲ್ಲಿ ಹುಲ್ಲುಹಾಸಿನ ಮೇಲೆ ಮಂಟಪ ಬೇಡವೆಂದು ಬೇರೆ ಹೇಳಬೇಕಿಲ್ಲ.

ಬೆಳಗಿನ ಮುಹೂರ್ತವಾದರೆ ಸಮಸ್ಯೆ ಇನ್ನೊಂದು ಕಡೆಯಿಂದ ಬರುತ್ತದೆ, ಬಸ್ಸಿನ ಕಡೆಯಿಂದ. ಡಿಸ್ನಿಯ ಬಸ್ಸುಗಳು ಹೋಟೆಲಿನಿಂದ ಉದ್ಯಾನಗಳಿಗೆ ಮತ್ತು ಅಂಗಡಿ-ಮುಂಗಟ್ಟುಗಳ ತಾಣವಾದ ಡಿಸ್ನಿ ಸ್ಪ್ರಿಂಗ್ಸ್‌ಗೆ ಓಡುತ್ತವೆ. ಆಲ್-ಸ್ಟಾರ್‌ನಿಂದ ಗ್ರ್ಯಾಂಡ್ ಫ್ಲೋರಿಡಿಯನ್‌ಗೆ ನೇರ ಬಸ್ಸಿಲ್ಲ. ಹತ್ತಿರದ ಉದ್ಯಾನವಾದ ಮ್ಯಾಜಿಕ್ ಕಿಂಗ್‌ಡಮ್‌ಗೆ ಹೋಗಿ, ಇಳಿದು, ಅಲ್ಲಿಂದ ಮೊನೊರೈಲೋ ದೋಣಿಯೋ ಹಿಡಿಯಬೇಕು. ನಸುಕಿನ ಐದಕ್ಕೆ ಅದೂ ಇಲ್ಲ, ಬಸ್ಸು ಶುರುವಾಗುವುದೇ ಉದ್ಯಾನ ತೆರೆಯುವ ಹೊತ್ತಿನ ಲೆಕ್ಕದಲ್ಲಿ. ಪಾಪ್ ಸೆಂಚುರಿ, ಆರ್ಟ್ ಆಫ್ ಆನಿಮೇಷನ್, ಕೆರಿಬಿಯನ್ ಬೀಚ್, ರಿವಿಯೆರಾ ಹೋಟೆಲುಗಳಿಗೆ 2019ರಿಂದ ಸ್ಕೈಲೈನರ್ ಎಂಬ ತೂಗುಬಂಡಿ ಇದೆ, ಎಪ್ಕಾಟ್‌ಗೂ ಹಾಲಿವುಡ್ ಸ್ಟುಡಿಯೋಸ್‌ಗೂ ಹೋಗುತ್ತದೆ. ಚೆಂದದ ಸವಾರಿ, ಆದರೆ ಗುಡುಗು-ಮಿಂಚು ಬಂದರೆ ನಿಲ್ಲಿಸುತ್ತಾರೆ, ಮತ್ತು ಫ್ಲೋರಿಡಾದ ಬೇಸಿಗೆಯಲ್ಲಿ ಮಧ್ಯಾಹ್ನದ ಗುಡುಗುಮಳೆ ಬಾರದ ದಿನವೇ ವಿರಳ. ಸಂಜೆಯ ಆರತಕ್ಷತೆಗೆ ಇದನ್ನೇ ನೆಚ್ಚಬಾರದು.

ಕಾಂಟೆಂಪೊರರಿ, ಪಾಲಿನೇಷಿಯನ್, ಗ್ರ್ಯಾಂಡ್ ಫ್ಲೋರಿಡಿಯನ್ ಮೂರೂ ಒಂದೇ ಮೊನೊರೈಲ್ ದಾರಿಯಲ್ಲಿವೆ, ಮೂರೂ ದುಬಾರಿ. ಪೆವಿಲಿಯನ್‌ನಲ್ಲಿ ಮದುವೆಯಾದರೆ ಗ್ರ್ಯಾಂಡ್ ಫ್ಲೋರಿಡಿಯನ್‌ನಿಂದ ನಡೆದೇ ಹೋಗಬಹುದು. ಆದ್ದರಿಂದ ಬ್ಲಾಕನ್ನು ಎರಡಾಗಿ ಒಡೆಯುವುದು ಒಳ್ಳೆಯದು. ವಧೂವರರು, ತಂದೆತಾಯಿ, ಸೋದರಮಾವ, ಪುರೋಹಿತರು, ನಡೆಯಲಾರದ ಹಿರಿಯರು, ಅಂದರೆ ನಸುಕಿಗೆ ಮಂಟಪದಲ್ಲಿ ಇರಲೇಬೇಕಾದವರಿಗೆ ಆರೋ ಎಂಟೋ ರೂಮು ಮಂಟಪದ ಹತ್ತಿರ. ಮಿಕ್ಕವರಿಗೆ ಕಡಿಮೆ ದರದ ಒಂದೇ ಹೋಟೆಲು, ಅಲ್ಲಿಂದ ಹೊತ್ತಿಗೆ ಸರಿಯಾಗಿ ಬಾಡಿಗೆ ಬಸ್ಸು. ಮೂರು ಹೋಟೆಲುಗಳಿಗೆ ಚದುರಿಸಿದರೆ ಬಸ್ಸಿನ ಖರ್ಚು ರೂಮಿನಲ್ಲಿ ಉಳಿಸಿದ್ದನ್ನು ತಿಂದುಹಾಕುತ್ತದೆ. ಉದ್ಯಾನದ ಒಳಗೆ ಸಮಾರಂಭವಿದ್ದರಂತೂ ನೆಂಟರನ್ನು ಸಾಮಾನ್ಯವಾಗಿ ಗೊತ್ತುಮಾಡಿದ ಬಸ್ಸಿನಲ್ಲೇ ಹಿಂಬಾಗಿಲಿನಿಂದ ಕರೆದೊಯ್ಯುತ್ತಾರೆ, ಹೊರಗೆ ಉಳಿದವರೂ ಆ ಬಸ್ಸು ಹೊರಡುವ ಹೋಟೆಲಿಗೇ ಬಂದು ಹತ್ತಬೇಕು. ಸ್ವಂತ ಕಾರಿನಲ್ಲಿ ಬರುವವರನ್ನು ಹೋಟೆಲಿನ ಗೇಟಿನಲ್ಲಿ ನಿಲ್ಲಿಸಿ ಗುರುತಿನ ಚೀಟಿ ಕೇಳುತ್ತಾರೆ. ಸಮಾರಂಭ ಯಾವ ಹೆಸರಿನಲ್ಲಿ ಬುಕ್ ಆಗಿದೆ, ಎಲ್ಲಿ ನಡೆಯುತ್ತದೆ ಎಂದು ಹೇಳಲು ಅವರಿಗೆ ಗೊತ್ತಿರಬೇಕು.

ಹಿರಿಯರ ರೂಮಿನ ವಿಷಯದಲ್ಲಿ ದರಪಟ್ಟಿ ನೋಡಿದರೆ ಸಾಲದು, ಕಟ್ಟಡ ನೋಡಬೇಕು. ಕೆರಿಬಿಯನ್ ಬೀಚ್‌ನ ಕಟ್ಟಡಗಳು ಎರಡಂತಸ್ತಿನವು, ಲಿಫ್ಟ್ ಇಲ್ಲ. ಪೋರ್ಟ್ ಆರ್ಲಿಯನ್ಸ್ ರಿವರ್‌ಸೈಡ್‌ನ ಆಲಿಗೇಟರ್ ಬೇಯೂ ಭಾಗವೂ ಹಾಗೆಯೇ. ಮಂಡಿನೋವಿನ ಅಜ್ಜಿಗೆ ಮೇಲಿನ ಮಹಡಿ ಸಿಕ್ಕಿತೆಂದರೆ ಮೂರು ದಿನವೂ ಯಾರಾದರೂ ಕೈಹಿಡಿದು ಹತ್ತಿಸಿ ಇಳಿಸುತ್ತಿರಬೇಕು. ‘ನೆಲಮಹಡಿ ಬೇಕು’ ಎಂಬುದು ಬರೀ ವಿನಂತಿ, ಸಿಗಲೂಬಹುದು ಸಿಗದಿರಲೂಬಹುದು. ಅಂಗವಿಕಲರಿಗೆ ಅನುಕೂಲವಿರುವ ರೂಮು ನಿಜಕ್ಕೂ ಬೇಕಿದ್ದರೆ ಅದನ್ನು ಆ ಬಗೆಯ ರೂಮೆಂದೇ ಬುಕ್ ಮಾಡಬೇಕು, ಮತ್ತು ಬ್ಲಾಕಿನಲ್ಲಿ ಅಂಥ ಎಷ್ಟು ರೂಮು ಎತ್ತಿಟ್ಟಿದ್ದಾರೆ ಎಂದು ಮೊದಲೇ ಕೇಳಬೇಕು. ಕೊರೊನಾಡೊ ಸ್ಪ್ರಿಂಗ್ಸ್‌ನ ಗ್ರ್ಯಾನ್ ಡೆಸ್ಟಿನೊ ಗೋಪುರ ಲಿಫ್ಟ್ ಇರುವ ಕಟ್ಟಡ. ಮಧ್ಯಮ ದರದಲ್ಲಿ ಹಿರಿಯರಿಗೆ ಅದು ವಾಸಿ.

ಬಾಗಿಲು ತೆರೆಯುವುದು ಫೋನಿನ ಆ್ಯಪ್‌ನಲ್ಲೋ ಕೈಗೆ ಕಟ್ಟುವ ಬ್ಯಾಂಡ್‌ನಲ್ಲೋ ಆಗುತ್ತದೆ. ಹಿರಿಯರಿಗೆ ಕೌಂಟರಿನಲ್ಲಿ ಪ್ಲಾಸ್ಟಿಕ್ ಕಾರ್ಡ್ ಕೇಳಿ ಪಡೆದು ಕೈಗೆ ಕೊಡಿ. ರೂಮಿನಲ್ಲಿ ಬೆಳಗ್ಗೆ ದೇವರ ದೀಪ, ಊದುಬತ್ತಿ ಹಚ್ಚುವ ಅಭ್ಯಾಸವಿದ್ದವರಿಗೆ ಮೊದಲೇ ಹೇಳಿ ಬ್ಯಾಟರಿ ದೀಪ ತಂದಿಡಬೇಕು. ಚಾವಣಿಯ ಹೊಗೆ ಪತ್ತೆಯಂತ್ರಕ್ಕೆ ಊದುಬತ್ತಿಯೂ ಒಂದೇ, ಪರದೆಗೆ ಬಿದ್ದ ಬೆಂಕಿಯೂ ಒಂದೇ. ಮಂಟಪದ ಹೋಮಕ್ಕಂತೂ ಬೇರೆಯೇ ಅನುಮತಿ ಬೇಕು, ತಿಂಗಳುಗಳ ಮೊದಲೇ.

ದಿನ ಆರಿಸುವಾಗಲೂ ರೂಮಿನ ದರ ತಲೆಯಲ್ಲಿರಲಿ. ಅಮೆರಿಕದ ಶಾಲೆಗಳ ಬೇಸಿಗೆ ರಜೆಗೂ ನಮ್ಮ ಆಷಾಢಕ್ಕೂ ಹಳೆಯ ಜಗಳ. 2026ರಲ್ಲಂತೂ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ, ಅದಾಗಿ ಒಂದು ತಿಂಗಳು ಕಳೆದರೆ ಆಷಾಢ. ನಡುವೆ ಉಳಿದ ಕೆಲವೇ ವಾರಾಂತ್ಯಗಳಿಗೆ ಎಲ್ಲರೂ ಮುಗಿಬೀಳುತ್ತಾರೆ. ಮೆಮೋರಿಯಲ್ ಡೇ, ಲೇಬರ್ ಡೇಯಂಥ ದೀರ್ಘ ವಾರಾಂತ್ಯ ನೆಂಟರಿಗೆ ರಜೆಯ ದೃಷ್ಟಿಯಿಂದ ಸಲೀಸು, ದರದ ದೃಷ್ಟಿಯಿಂದ ಬರೆ. ಸೆಪ್ಟೆಂಬರ್ ಅಗ್ಗ, ಆದರೆ ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. 2022ರ ಸೆಪ್ಟೆಂಬರಿನಲ್ಲಿ ಇಯಾನ್ ಬಂದಾಗ, 2024ರ ಅಕ್ಟೋಬರಿನಲ್ಲಿ ಮಿಲ್ಟನ್ ಬಂದಾಗ ಉದ್ಯಾನಗಳೇ ಮುಚ್ಚಿದವು. ಒರ್ಲಾಂಡೊ ಪ್ರದೇಶಕ್ಕೋ ಪ್ರವಾಸಿಯ ಸ್ವಂತ ಊರಿಗೋ ಚಂಡಮಾರುತದ ಅಧಿಕೃತ ಎಚ್ಚರಿಕೆ ಬಂದಿದ್ದು, ಹೊರಡಲು ಏಳು ದಿನದೊಳಗಿದ್ದರೆ, ಸಾಮಾನ್ಯ ಬುಕಿಂಗನ್ನು ಡಿಸ್ನಿ ದಂಡವಿಲ್ಲದೆ ಮುಂದೂಡಲು ಅಥವಾ ರದ್ದು ಮಾಡಲು ಬಿಡುತ್ತದೆ. ನೆಂಟರಿಗೆ ಸಿಗುವ ಈ ರಿಯಾಯಿತಿಯಿಂದ ನೀವು ಸಹಿ ಹಾಕಿದ ಬ್ಲಾಕಿನ ಕೊರತೆ ತಾನಾಗಿ ಮನ್ನಾ ಆಗುತ್ತದೆ ಎಂದುಕೊಳ್ಳಬಾರದು. ಚಂಡಮಾರುತದ ಹೆಸರೆತ್ತಿ ಆ ಸಾಲು ಕರಾರಿನಲ್ಲಿ ಇರಬೇಕು.

ನೆಂಟರಿಗೆ ಕಳುಹಿಸುವ ವಾಟ್ಸಾಪ್ ಸಂದೇಶದಲ್ಲಿ ಬುಕಿಂಗ್ ಲಿಂಕ್, ಕಡೆಯ ದಿನಾಂಕ (ನಿಜವಾದದ್ದಕ್ಕಿಂತ ಹತ್ತು ದಿನ ಮೊದಲಿನದನ್ನೇ ಬರೆಯಿರಿ), ತೆರಿಗೆ ಸೇರಿದ ದರ, ರೂಮಿಗೆ ಎಷ್ಟು ಜನ, ಯಾವ ರಾತ್ರಿಯಿಂದ ಯಾವ ರಾತ್ರಿಯವರೆಗೆ, ರದ್ದು ಮಾಡಿದರೆ ಏನು, ಇಷ್ಟಿರಲಿ. ಮುಖ್ಯವಾಗಿ ‘ರೂಮಿನ ಖರ್ಚು ನಿಮ್ಮದು’ ಅಥವಾ ‘ರೂಮು ನಮ್ಮದು’ ಎಂದು ನೇರವಾಗಿ ಬರೆದುಬಿಡಿ. ಸಂಕೋಚಕ್ಕೆ ಆ ಮಾತು ನುಂಗಿದರೆ, ಊರಿಂದ ಬಂದವರು ಕೌಂಟರಿನಲ್ಲಿ ಕಾರ್ಡ್ ಕೇಳಿದಾಗ ಮುಖ ಮುಖ ನೋಡುತ್ತಾರೆ. ರೂಮು ನೀವೇ ಕೊಡುವುದಾದರೂ ಬಾಡಿಗೆ ಮತ್ತು ತೆರಿಗೆ ಮಾತ್ರ ಮುಖ್ಯ ಖಾತೆಗೆ, ಉಳಿದದ್ದು ಅವರವರ ಕಾರ್ಡಿಗೆ ಎಂದು ಹೋಟೆಲಿಗೆ ಬರೆದುಕೊಡಿ. ಇಲ್ಲದಿದ್ದರೆ ಮಕ್ಕಳು ಬ್ಯಾಂಡ್ ತೋರಿಸಿ ಕೊಂಡ ಮಿಕ್ಕಿ ಕಿವಿ, ಐಸ್‌ಕ್ರೀಮೆಲ್ಲ ಮದುವೆಯ ಬಿಲ್ಲಿಗೆ ಬರುತ್ತವೆ.

ಗುಂಪಿನ ದರಕ್ಕಿಂತ ಅಗ್ಗದ ಕೊಡುಗೆ ಎಲ್ಲೋ ಸಿಕ್ಕಿತೆಂದು ಕೆಲವರು ಅದೇ ಹೋಟೆಲಿನಲ್ಲಿ ಬೇರೆ ಜಾಲತಾಣದಿಂದ ಬುಕ್ ಮಾಡಿಕೊಳ್ಳುತ್ತಾರೆ. ಅವರದು ತಪ್ಪಲ್ಲ, ಅವರ ದುಡ್ಡು ಉಳಿಯಿತು. ನಿಮ್ಮ ಬ್ಲಾಕಿನಲ್ಲಿ ಮಾತ್ರ ಒಂದು ರೂಮು ಖಾಲಿ ಎಂದೇ ಎಣಿಕೆಯಾಗುತ್ತದೆ. ಇದಕ್ಕೆ ಕರಾರು ಮಾಡುವಾಗಲೇ ‘ಹೇಗೆ ಬುಕ್ ಮಾಡಿದ್ದರೂ ನಮ್ಮ ಅತಿಥಿಗಳ ರೂಮು ನಮ್ಮ ಲೆಕ್ಕಕ್ಕೆ’ ಎಂಬ ಮಾತು ಹಾಕಿಸಿ. ಕಡೆಯ ದಿನದ ಒಂದು ವಾರ ಮುಂಚೆ ಹೋಟೆಲಿನಿಂದ ಬುಕ್ ಆದವರ ಪಟ್ಟಿ ತರಿಸಿ, ಮದುವೆ ಮನೆಯ ಪಟ್ಟಿಯ ಪಕ್ಕದಲ್ಲಿಟ್ಟು ಹೆಸರು ಹೆಸರಾಗಿ ಗುರುತು ಹಾಕಿ. ಲಕ್ಷ್ಮೀನಾರಾಯಣ ಎಂಬ ಹೆಸರು ಒಂದು ಕಡೆ ಲಕ್ಷ್ಮಿ ಎಂದೂ ಇನ್ನೊಂದು ಕಡೆ ನಾರಾಯಣ ಎಂದೂ ಬಿದ್ದಿರುವುದು ಈ ಹೊತ್ತಿಗೆ ಸಿಕ್ಕಿಬೀಳುತ್ತದೆ. ಸಿಕ್ಕ ವ್ಯತ್ಯಾಸಗಳನ್ನೆಲ್ಲ ಇಮೇಲ್‌ನಲ್ಲೇ ಕಳುಹಿಸಿ, ತಿದ್ದಿದ ಪಟ್ಟಿಯನ್ನು ಬರವಣಿಗೆಯಲ್ಲಿ ಪಡೆಯಿರಿ. ಕೊನೆಯ ಬಿಲ್ ಬಂದಾಗ ವಾದಕ್ಕೆ ಆಧಾರವಾಗುವುದು ಆ ಪಟ್ಟಿಯೇ.